ಜನತಾ, ಪೈಲಟ್, ಕಾಂಚನ್: ರಿಪೇರಿ ಮೇಜಿನಿಂದ ಕಂಡ ಎಚ್‌ಎಂಟಿ

ವಾಚು ರಿಪೇರಿ ಮಾಡುವವನಿಗೆ ಗಿರಾಕಿಯ ಮುಖ ಮರೆತರೂ ವಾಚಿನ ಬೆನ್ನು ಮರೆಯುವುದಿಲ್ಲ. ತುಮಕೂರಿನ ಪೇಟೆಯಲ್ಲಿ ನಮ್ಮ ತಂದೆ ಹಾಕಿದ ಅಂಗಡಿಯಲ್ಲೇ ನಾನೂ ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ವಯಸ್ಸು ಕಳೆದವನು. ಈಚೆಗೆ ಎಚ್‌ಎಂಟಿ ವಾಚುಗಳ ಬಗ್ಗೆ ಬಹಳ ಜನ ಬರೆಯುತ್ತಿದ್ದಾರೆ, ಮಾತಾಡುತ್ತಿದ್ದಾರೆ. ಡಯಲ್ಲಿನ ಬಣ್ಣ, ಅಂಕಿಗಳ ಅಂದ, ಯಾವ ಮಾದರಿ ಅಪರೂಪ, ಯಾವುದಕ್ಕೆ ಎಷ್ಟು ಬೆಲೆ ಎಂಬುದೇ ಅಲ್ಲಿ ಹೆಚ್ಚು. ಅದನ್ನೆಲ್ಲ ನಾನೂ ಆಸೆಯಿಂದ ಓದುತ್ತೇನೆ. ಆದರೆ ಈ ವಾಚನ್ನು ನಮ್ಮ ಜನ ಯಾಕೆ ಅಷ್ಟು ಹಚ್ಚಿಕೊಂಡರು ಎಂದು ಕೇಳಿದರೆ ನಾನು ಮುಚ್ಚಳ ತೆಗೆದು ಒಳಗನ್ನು ತೋರಿಸುತ್ತೇನೆ. ಯಾವ ತಾಲ್ಲೂಕಿನಲ್ಲಿ ಕೆಟ್ಟರೂ ಆ ತಾಲ್ಲೂಕಿನಲ್ಲೇ ಸರಿಯಾಗುವ ಮೊದಲ ವಾಚು ಅದು. ಬಿಡಿಭಾಗ ಸಿಗುತ್ತಿತ್ತು, ಬಿಚ್ಚಿ ಜೋಡಿಸಬಲ್ಲ ಕೈ ಸಿಗುತ್ತಿತ್ತು, ಕೂಲಿ ಕೈಗೆಟುಕುತ್ತಿತ್ತು. ಆ ಪ್ರೀತಿಯ ಚರಿತ್ರೆಯಲ್ಲಿ ನನ್ನ ಕಸುಬಿನದೂ ಒಂದು ಪಾಲಿದೆ.

ಎಚ್‌ಎಂಟಿ ಬರುವ ಮುಂಚಿನ ಕಾಲವನ್ನು ನಾನು ತಂದೆಯ ಬಾಯಿಂದಲೇ ಕೇಳಿ ಬಲ್ಲೆ. ಆಗ ಕೈಗಡಿಯಾರ ಎಂದರೆ ಸ್ವಿಸ್ ಮಾಲು. ಮುಂಬಯಿಯ ವೆಸ್ಟ್ ಎಂಡ್ ವಾಚ್ ಕಂಪನಿಯ ಸೋವಾರ್ ಪ್ರೈಮಾ, ಫೇವರ್ ಲೂಬಾದ ಸೀ ಕಿಂಗ್, ರೋಮರ್, ಹೆನ್ರಿ ಸ್ಯಾಂಡೋಜ್. ಸೈನ್ಯದಿಂದ ನಿವೃತ್ತರಾದವರು, ಅಮಲ್ದಾರರು, ಮಂಡಿ ವ್ಯಾಪಾರಿಗಳು, ಡಾಕ್ಟರರು ಕಟ್ಟುತ್ತಿದ್ದುದು ಅವನ್ನೇ. ಸ್ವಾತಂತ್ರ್ಯದ ನಂತರ ವಿದೇಶಿ ವಿನಿಮಯದ ಬರ ಬಿದ್ದು ಆಮದಿನ ಮೇಲೆ ಕಟ್ಟುಪಾಡು ಬಿಗಿಯಾಯಿತು. ಬಂದರಿನಲ್ಲಿ ಕಳ್ಳದಾರಿಯಿಂದ ಇಳಿದ ವಾಚು ರಸೀತಿ ಇಲ್ಲದೆ ಕೈಯಿಂದ ಕೈಗೆ ಸಾಗುತ್ತಿತ್ತು. ಕೊಳ್ಳುವುದೇನೋ ಹಾಗೆ ಆಯಿತು, ಕೆಟ್ಟರೆ ಏನು ಗತಿ? ಹಳೆಯ ಸ್ವಿಸ್ ವಾಚುಗಳು ಎಷ್ಟೋ ಬಗೆ, ಒಂದರ ಭಾಗ ಇನ್ನೊಂದಕ್ಕೆ ಕೂರುವುದಿಲ್ಲ. ಅವುಗಳಲ್ಲಿ ಅನೇಕಕ್ಕೆ ಪೆಟ್ಟು ತಡೆಯುವ ಏರ್ಪಾಟೂ ಇರಲಿಲ್ಲ. ಕೈಜಾರಿ ಕಲ್ಲು ಚಪ್ಪಡಿಯ ಮೇಲೆ ಬಿದ್ದರೆ ಬ್ಯಾಲೆನ್ಸ್ ಚಕ್ರದ ಕಡ್ಡಿಯ ತುದಿ ಪಟ್ಟನೆ ಮುರಿಯುತ್ತಿತ್ತು. ಆ ತುದಿ ತಲೆಗೂದಲಿನಷ್ಟು ಸಪೂರ. ಹೊಸ ಕಡ್ಡಿ ಬೇಕಾದರೆ ಮುಂಬಯಿಗೆ ಬರೆದು ಕಾಯಬೇಕು, ಇಲ್ಲವೇ ಪುಟ್ಟ ಲೇತಿನ ಮೇಲೆ ಉಕ್ಕಿನ ಕಂಬಿ ಹಿಡಿದು ತಾನೇ ಕಡೆಯಬೇಕು. ನಮ್ಮ ತಂದೆ ಕಡೆಯುತ್ತಿದ್ದರು. ಅವರ ಆ ಲೇತು ಇನ್ನೂ ನನ್ನ ಬಳಿ ಇದೆ. ಬಿಲ್ಲಿನ ದಾರ ಸುತ್ತಿ ಒಂದು ಕೈಯಲ್ಲಿ ಆಡಿಸುತ್ತ ಇನ್ನೊಂದು ಕೈಯಲ್ಲಿ ಉಳಿ ಹಿಡಿಯುವಂಥದ್ದು. ಇಂಥ ಕೆಲಸ ಬಲ್ಲವರು ಜಿಲ್ಲೆಗೆ ಬೆರಳೆಣಿಕೆಯಷ್ಟು ಜನ. ಪಾವಗಡದ ಕಡೆಯವರು ಒಂದು ವಾಚಿಗಾಗಿ ಬಸ್ಸು ಹತ್ತಿ ಬರಬೇಕಿತ್ತು.

ಬೆಂಗಳೂರಿನ ಜಾಲಹಳ್ಳಿಯಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಶುರುವಾದದ್ದು 1953ರಲ್ಲಿ. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ ಅಲ್ಲಿ ಲೇತು, ಮಿಲ್ಲಿಂಗ್ ಯಂತ್ರದಂಥ ಭಾರಿ ಸಾಮಾನು ತಯಾರಾಗುತ್ತಿತ್ತು. ಯಂತ್ರಗಳನ್ನು ತಯಾರಿಸುವ ಯಂತ್ರಗಳ ಕಾರ್ಖಾನೆ ಅದು. ಅಂಥ ಕಡೆ ಕೈಗಡಿಯಾರಕ್ಕೇನು ಕೆಲಸ ಎನಿಸಬಹುದು. ಆದರೆ ಲೋಹವನ್ನು ಕರಾರುವಾಕ್ಕಾಗಿ ಕತ್ತರಿಸುವ ಶಿಸ್ತು ಎರಡಕ್ಕೂ ಒಂದೇ. ವಾಚಿನಲ್ಲಿ ಅಳತೆ ಇನ್ನಷ್ಟು ಸೂಕ್ಷ್ಮ, ಅಷ್ಟೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ವಾಚಿನ ಕಾರ್ಖಾನೆ ಬಂತು. ಮೊದಲ ಕಂತಿನ ಕೀ ಕೊಡುವ ವಾಚುಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ಜವಾಹರಲಾಲ್ ನೆಹರೂ. ಆರಂಭದ ವಾಚುಗಳ ಡಯಲ್ ಮೇಲೆ ಎಚ್‌ಎಂಟಿ ಹೆಸರಿನ ಜೊತೆ ಸಿಟಿಜನ್ ಹೆಸರೂ ಇರುತ್ತಿತ್ತು. ಅಂಥದೊಂದು ಈಗಲೂ ಯಾವಾಗಲಾದರೊಮ್ಮೆ ಅಂಗಡಿಗೆ ಬಂದರೆ ಕೆಲಸ ಮುಗಿದ ಮೇಲೂ ಅದನ್ನು ಸ್ವಲ್ಪ ಹೊತ್ತು ಮೇಜಿನ ಮೇಲೇ ಇಟ್ಟುಕೊಳ್ಳುತ್ತೇನೆ.

ಸ್ವಿಸ್ಸರನ್ನು ಬಿಟ್ಟು ಜಪಾನಿನವರ ಜೊತೆ ಕೈಜೋಡಿಸಿದ್ದರಿಂದ ನಮಗೆ ಬಹಳ ಒಳ್ಳೆಯದಾಯಿತು ಎಂದು ಖಂಡಿತ ಹೇಳಬಲ್ಲೆ. ಸಿಟಿಜನ್ ಕಂಪನಿ ಐವತ್ತರ ದಶಕದಲ್ಲೇ ಪ್ಯಾರಾಶಾಕ್ ಎಂಬ ಪೆಟ್ಟು ತಡೆಯುವ ಏರ್ಪಾಟನ್ನು ತಂದಿತ್ತು. ವಾಚುಗಳನ್ನು ಹೆಲಿಕಾಪ್ಟರಿನಿಂದ ಕೆಳಗೆ ಬೀಳಿಸಿ, ಕೆಡಲಿಲ್ಲ ನೋಡಿ ಎಂದು ಜಪಾನಿನ ಜನರಿಗೆ ತೋರಿಸಿದ್ದರು. ಬ್ಯಾಲೆನ್ಸ್ ಕಡ್ಡಿಯ ತುದಿ ಕೂರುವ ಕೆಂಪು ಕಲ್ಲನ್ನು ಗಟ್ಟಿಯಾಗಿ ಬಡಿದು ಕೂರಿಸದೆ ಒಂದು ಸಣ್ಣ ಸ್ಪ್ರಿಂಗಿನ ಕೆಳಗೆ ಇಟ್ಟಿರುತ್ತಾರೆ. ವಾಚು ಬಿದ್ದಾಗ ಕಲ್ಲು ಒಂದಿಷ್ಟು ಸರಿದು ಮತ್ತೆ ತನ್ನ ಜಾಗಕ್ಕೆ ಬರುತ್ತದೆ, ಕಡ್ಡಿ ಉಳಿಯುತ್ತದೆ. ಜನತಾ ಡಯಲ್ಲಿನ ಕೆಳಗೆ ಇಂಗ್ಲಿಷಿನಲ್ಲಿ ಪುಟ್ಟದಾಗಿ ಬರೆದಿರುವ ಪ್ಯಾರಾಶಾಕ್, 17 ಜುವೆಲ್ಸ್ ಎಂಬ ಮಾತುಗಳನ್ನು ಕಟ್ಟಿದವರಲ್ಲಿ ಎಷ್ಟು ಮಂದಿ ಗಮನಿಸಿದ್ದರೋ ಕಾಣೆ. ಹೊಲದಲ್ಲಿ ಹಾರೆ ಹಿಡಿದವನ ಕೈಯಲ್ಲಿ, ಬಸ್ಸಿನ ಸ್ಟೀರಿಂಗ್ ತಿರುಗಿಸುವವನ ಕೈಯಲ್ಲಿ ಆ ವಾಚು ವರ್ಷಗಟ್ಟಲೆ ಬಾಳಿದ್ದಕ್ಕೆ ಆ ಮಾತುಗಳೇ ಕಾರಣ.

ಜೋಡಣೆಯ ಸಾಲುಗಳಲ್ಲಿ ಬಹಳಷ್ಟು ಹೆಣ್ಣುಮಕ್ಕಳು ಕೂತಿದ್ದರು. ಬಿಳಿ ಕೋಟು ತೊಟ್ಟು, ದೂಳು ಬಾರದ ಹಾಲಿನಲ್ಲಿ, ಚಿಮಟ ಹಿಡಿದು ಸಾಸಿವೆಗಿಂತ ಸಣ್ಣ ಸ್ಕ್ರೂಗಳನ್ನು ಕೂರಿಸುತ್ತಿದ್ದ ಅವರ ಹೆಸರು ಯಾವ ಡಯಲ್ಲಿನ ಮೇಲೂ ಇಲ್ಲ. ಕಾರ್ಖಾನೆಯ ಮೊದಲ ಜೋಡಣೆ ಹೇಗಿರುತ್ತಿತ್ತು ಎಂದು ನನಗೆ ಗೊತ್ತು. ಯಾರೂ ಮುಟ್ಟದ ವಾಚು ಮೊದಲ ಸಲ ಸರ್ವಿಸ್‌ಗೆ ಬಂದಾಗ ಸ್ಕ್ರೂಗಳ ತಲೆಯಲ್ಲಿ ಒಂದು ಗೀರೂ ಕಾಣುವುದಿಲ್ಲ, ಹೇರ್ ಸ್ಪ್ರಿಂಗಿನ ಸುರುಳಿಗಳ ನಡುವಿನ ಅಂತರ ಸುತ್ತಲೂ ಸಮನಾಗಿರುತ್ತದೆ. ಆಮೇಲೆ ಎಷ್ಟು ಕೈ ಬದಲಾದರೂ ಮೊದಲ ಕೈಯ ಆ ಅಚ್ಚುಕಟ್ಟು ಎಲ್ಲೋ ಒಂದು ಮೂಲೆಯಲ್ಲಿ ಉಳಿದಿರುತ್ತದೆ.

ಜನತಾದ ಒಳಗನ್ನು ಒಮ್ಮೆ ನೋಡೋಣ. ಹಿಂಬದಿಯ ಮುಚ್ಚಳ ತೆಗೆದರೆ ಬೆಳ್ಳಿಬಣ್ಣದ ಬ್ರಿಡ್ಜುಗಳು, ಅವುಗಳ ಅಂಚಿನಲ್ಲಿ ಹೊಂಬಣ್ಣದ ಬ್ಯಾಲೆನ್ಸ್ ಚಕ್ರ. ಬಿಚ್ಚುವ ಮೊದಲು ಕ್ಲಿಕ್ಕನ್ನು ಹಿಡಿದು ಮೇನ್ ಸ್ಪ್ರಿಂಗಿನಲ್ಲಿ ತುಂಬಿದ ಬಲವನ್ನು ಮೆಲ್ಲಗೆ ಇಳಿಸಬೇಕು. ಇಳಿಸದೆ ಬಿಚ್ಚಿದರೆ ಚಕ್ರಗಳು ಗರ್ರನೆ ತಿರುಗಿ ಹಲ್ಲು ಹೋಗುತ್ತದೆ. ಆಮೇಲೆ ಬ್ಯಾಲೆನ್ಸ್ ಎತ್ತುವುದು. ಅದು ಹೇರ್ ಸ್ಪ್ರಿಂಗಿನಲ್ಲೇ ಜೋತು ಬೀಳುತ್ತದೆ, ಹಾಗೆ ಜೋತಾಡಲು ಹೆಚ್ಚು ಹೊತ್ತು ಬಿಡಬಾರದು. ನಂತರ ಪ್ಯಾಲೆಟ್, ಚಕ್ರಗಳ ಸಾಲು, ಬ್ಯಾರಲ್. ಎಲ್ಲವನ್ನೂ ಪೆಟ್ರೋಲಿನಲ್ಲಿ ತೊಳೆದು, ಬ್ರಶ್ಶಿನಿಂದ ಉಜ್ಜಿ, ಕಲ್ಲುಗಳ ತೂತನ್ನು ಚೂಪಾದ ಮರದ ಕಡ್ಡಿಯಿಂದ ತಿರುವಿ ಶುದ್ಧ ಮಾಡಬೇಕು. ತಿರುಗಿ ಜೋಡಿಸುವಾಗ ಎಣ್ಣೆ ಸೂಜಿಯ ತುದಿಯಲ್ಲಿ ನಿಲ್ಲುವಷ್ಟು, ಅದಕ್ಕಿಂತ ಹೆಚ್ಚಿಲ್ಲ. ಹೆಚ್ಚಾದರೆ ಅದು ಹರಡಿ ದೂಳು ಹಿಡಿದು ಮತ್ತೆ ವಾಚು ನಿಲ್ಲುತ್ತದೆ. ಈ ವಾಚಿನ ಬ್ಯಾಲೆನ್ಸ್ ಗಂಟೆಗೆ 18,000 ಬಡಿತ ಬಡಿಯುತ್ತದೆ, ಅಂದರೆ ಸೆಕೆಂಡಿಗೆ ಐದು. ಎಲ್ಲ ಜೋಡಿಸಿ ಕೊನೆಗೆ ಬ್ಯಾಲೆನ್ಸನ್ನು ಅದರ ಜಾಗಕ್ಕೆ ಇಳಿಸಿದಾಗ ಅದು ತಾನಾಗಿ ಉಸಿರು ತೆಗೆದುಕೊಂಡು ಓಡತೊಡಗುವ ಕ್ಷಣ ಇದೆಯಲ್ಲ, ಇಷ್ಟು ವರ್ಷವಾದರೂ ಅದರ ಸಂತೋಷ ನನಗೆ ಒಂದಿಷ್ಟೂ ಕಡಿಮೆಯಾಗಿಲ್ಲ.

ಮುಖ್ಯವಾದ ಸಂಗತಿ ಇಲ್ಲಿದೆ. ಜನತಾದ ಒಳಗಿರುವ 0231 ಎಂಬ ಯಂತ್ರವೇ ಇನ್ನೂ ಅನೇಕ ಕೀ ಕೊಡುವ ಮಾದರಿಗಳ ಒಳಗೂ ಇತ್ತು. ಹೊರಗೆ ಕೇಸು ಬೇರೆ, ಡಯಲ್ ಬೇರೆ, ಹೆಸರು ಬೇರೆ. ಒಳಗೆ ಒಂದೇ ಕುಟುಂಬ. ರಿಪೇರಿಯವನು ಒಂದನ್ನು ಕಲಿತರೆ ಹಲವನ್ನು ಕಲಿತಂತೆ. ಒಂದು ಡಬ್ಬಿ ಬಿಡಿಭಾಗ ಇಟ್ಟುಕೊಂಡರೆ ಊರಿನ ಅರ್ಧಕ್ಕರ್ಧ ವಾಚುಗಳಿಗೆ ಆಯಿತು. ಅದರಿಂದಲೇ ಗುಬ್ಬಿ, ಕುಣಿಗಲ್, ಶಿರಾ, ಮಧುಗಿರಿಗಳ ಬಸ್‌ಸ್ಟ್ಯಾಂಡಿನ ಪಕ್ಕ, ಸೈಕಲ್ ಶಾಪಿನ ಮಗ್ಗುಲಲ್ಲಿ, ಗಾಜಿನ ಪೆಟ್ಟಿಗೆ ಒಂದನ್ನು ಮುಂದಿಟ್ಟುಕೊಂಡು ವಾಚು ರಿಪೇರಿಯವರು ಹುಟ್ಟಿಕೊಂಡರು. ನಮ್ಮ ತಂದೆಯ ಬಳಿ ಕೆಲಸ ಕಲಿತು ಹೋದ ಹುಡುಗರೂ ಅವರಲ್ಲಿದ್ದರು. ಅವರಿಗೆ ಲೇತು ಬೇಕಿರಲಿಲ್ಲ, ಕಡ್ಡಿ ಕಡೆಯುವ ವಿದ್ಯೆ ಬೇಕಿರಲಿಲ್ಲ. ಇದರಿಂದ ಕಸುಬು ಹಗುರವಾಯಿತು ಎಂದು ತಂದೆಗೆ ಒಳಗೊಳಗೆ ಬೇಸರವಿತ್ತು. ನನಗೆ ಹಾಗನಿಸುವುದಿಲ್ಲ. ಜಿಲ್ಲೆಗೊಬ್ಬ ಪಂಡಿತ ಇರುವುದಕ್ಕಿಂತ ಹೋಬಳಿಗೊಬ್ಬ ಕೈಚಳಕದವನಿರುವುದು ದೊಡ್ಡ ಸಂಗತಿ.

ಇನ್ನು ಕಟ್ಟಿದವರ ವಿಚಾರ. ಎಸ್‌ಎಸ್‌ಎಲ್‌ಸಿ ಪಾಸಾದ ಮಗನಿಗೆ ಜನತಾ, ಕೆಲಸ ಸಿಕ್ಕಿದ ಮೇಲೆ ಮೊದಲ ಸಂಬಳದಲ್ಲಿ ಕೊಹಿನೂರ್, ಮದುವೆಯಲ್ಲಿ ಅಳಿಯನಿಗೆ ಕಾಂಚನ್ ಎಂಬುದು ನಮ್ಮ ಕಡೆ ಬಹಳ ಮನೆಗಳಲ್ಲಿ ನಡೆದುಬಂದ ಕ್ರಮ. ಕಾಂಚನ್ ಆಟೋಮ್ಯಾಟಿಕ್ ವಾಚು, ಚಿನ್ನದ ಲೇಪದ್ದು, ಕೈಯ ಅಲುಗಾಟಕ್ಕೆ ತಾನೇ ಕೀ ತುಂಬಿಕೊಳ್ಳುವಂಥದ್ದು. ಒಂದು ಕಾಲದಲ್ಲಿ ಅದು ಅಂಗಡಿಯಲ್ಲಿ ಸಿಗುವುದೇ ದುರ್ಲಭವಾಗಿತ್ತು. ಮುಹೂರ್ತಕ್ಕೆ ಮೊದಲು ಕಾಂಚನ್ ಹೊಂದಿಸಲು ಹೆಣ್ಣಿನ ತಂದೆ ಜಾಲಹಳ್ಳಿಯಲ್ಲಿ ಕೆಲಸದಲ್ಲಿರುವ ನೆಂಟರನ್ನು ಹುಡುಕಿಕೊಂಡು ಹೋಗುತ್ತಿದ್ದರು. ವರೋಪಚಾರದ ಈ ವಾಚಿನ ಕಥೆಯಲ್ಲಿ ಎಷ್ಟೋ ಮನೆಗಳ ಸಾಲದ ಕಥೆಯೂ ಸೇರಿದೆ. ಕಾಂಚನ್ ನೋಡಿದಾಗಲೆಲ್ಲ ನನಗೆ ಅದು ನೆನಪಾಗುತ್ತದೆ, ಹಾಗಾಗಿ ಅದನ್ನು ಬರೀ ಸೊಗಸಿನ ವಾಚೆಂದು ನೋಡಲು ನನ್ನಿಂದಾಗುವುದಿಲ್ಲ.

ಹೆಂಗಸರಿಗೆ ಸುಜಾತಾ. ಅದರ ಯಂತ್ರ ಬೆರಳಿನ ಉಗುರಿನಷ್ಟು. ಕಣ್ಣು ಚುರುಕಾಗಿದ್ದಾಗ ಮಾತ್ರ ಕೈಗೆತ್ತಿಕೊಳ್ಳುತ್ತಿದ್ದೆ. ತೆಳ್ಳಗಿನ ಸೋನಾವನ್ನು ಬ್ಯಾಂಕಿನವರು, ವಕೀಲರು ಇಷ್ಟಪಡುತ್ತಿದ್ದರು, ಅಂಗಿಯ ತೋಳಿನ ಕಫ್ಫಿನ ಕೆಳಗೆ ಅದು ನುಣ್ಣಗೆ ಸರಿಯುತ್ತಿತ್ತು. ಪೈಲಟ್ ಮತ್ತು ಜವಾನ್ ಹೆಸರಿಗೆ ತಕ್ಕಂತೆ ಗಂಡಸುತನದ ವಾಚುಗಳು: ಪೈಲಟ್‌ಗೆ ಕಪ್ಪು ಡಯಲ್, ಕತ್ತಲಲ್ಲೂ ಹೊಳೆಯುವ ದೊಡ್ಡ ಅಂಕಿ. ಕಣ್ಣಿಲ್ಲದವರಿಗೆಂದು ಎಚ್‌ಎಂಟಿ ಬ್ರೈಲ್ ವಾಚನ್ನೂ ತಯಾರಿಸಿತು. ಮೇಲಿನ ಗಾಜನ್ನು ಮುಚ್ಚಳದ ಹಾಗೆ ತೆರೆದು, ಉಬ್ಬಿದ ಚುಕ್ಕಿಗಳ ಮೇಲೆ ಬೆರಳಾಡಿಸಿ ಮುಳ್ಳುಗಳನ್ನು ತಡವಿ ಹೊತ್ತು ತಿಳಿಯುವಂಥದ್ದು. ಬೆರಳು ತಾಗಿದರೂ ಬಾಗದಂತೆ ಅದರ ಮುಳ್ಳುಗಳು ಗಟ್ಟಿಮುಟ್ಟಾಗಿರುತ್ತವೆ. ಎಚ್‌ಎಂಟಿಯ ವಾಚುಗಳಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಗೌರವಿಸುವುದು ಇದನ್ನೇ. ಒಂದು ಸರ್ಕಾರಿ ಕಾರ್ಖಾನೆ, ಹೆಚ್ಚು ಮಾರಾಟವಾಗದೆಂದು ಗೊತ್ತಿದ್ದೂ, ಇಂಥವರೂ ನಮ್ಮ ಜನವೇ ಎಂದು ಭಾವಿಸಿ ಮಾಡಿದ ಕೆಲಸ ಅದು.

ಯಾವ ವಾಚು ಯಾರದ್ದು ಎಂದು ಕೊಳೆ ನೋಡಿಯೇ ಹೇಳಬಹುದಿತ್ತು. ಮೇಷ್ಟ್ರ ವಾಚಿನ ಕೀ ತಿರುಪಿನ ಹಲ್ಲುಗಳ ನಡುವೆ ಸೀಮೆಸುಣ್ಣದ ಪುಡಿ. ತಿಪಟೂರಿನ ಕೊಬ್ಬರಿ ಮಂಡಿಯವರ ವಾಚು ತೆರೆದರೆ ಜಿಡ್ಡಿನ ವಾಸನೆ. ಹೊಲದವರದ್ದರಲ್ಲಿ ಕೆಂಪು ಮಣ್ಣು, ಬೆವರಿನ ಉಪ್ಪಿಗೆ ಕೇಸಿನ ಕ್ರೋಮ್ ಎದ್ದು ಹಿತ್ತಾಳೆ ಕಾಣುತ್ತಿತ್ತು. ಗಿರಣಿಯವನ ವಾಚಿನ ಗಾಜಿನ ಅಂಚಿಗೆಲ್ಲ ಹಿಟ್ಟು. ಕಂಡಕ್ಟರುಗಳದ್ದರಲ್ಲಿ ಗಾಜೇ ಗೀರಿ ಗೀರಿ ಮಂಜಾಗಿರುತ್ತಿತ್ತು. ಅದಕ್ಕೆ ಟೂತ್‌ಪೇಸ್ಟ್ ಹಚ್ಚಿ ಬಟ್ಟೆಯಿಂದ ಉಜ್ಜಿದರೆ ಮತ್ತೆ ತಿಳಿಯಾಗುತ್ತದೆ, ಪ್ಲಾಸ್ಟಿಕ್ ಗಾಜಿನ ಗುಣ ಅದು. ಬೆಳಿಗ್ಗೆ ಎದ್ದು ಮುಖ ತೊಳೆದು ವಾಚಿಗೆ ಕೀ ಕೊಟ್ಟು, ಆಕಾಶವಾಣಿಯಲ್ಲಿ ವಾರ್ತೆಗೆ ಮುಂಚೆ ಬರುವ ಕುಕ್ ಕುಕ್ ಸದ್ದಿಗೆ ಮುಳ್ಳು ಸರಿಮಾಡಿಕೊಳ್ಳುವುದು ಮನೆ ಮನೆಯ ಪದ್ಧತಿ. ದಿನಕ್ಕೆ ಅರ್ಧ ನಿಮಿಷ ಮುಂದೆ ಹಿಂದೆ ಆದರೆ ಯಾರೂ ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ನಿಮಿಷಗಟ್ಟಲೆ ಆದರೆ ಅಂಗಡಿಗೆ ಬಂದು, “ಯಜಮಾನ್ರೇ, ಯಾಕೋ ಓಡ್ತಾ ಐತೆ, ಒಸಿ ನೋಡಿ” ಅನ್ನುವರು. ಅಯಸ್ಕಾಂತದ ಹತ್ತಿರ ಹೋಗಿ ಹೇರ್ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡರೆ ವಾಚು ಹಾಗೆ ಓಡುತ್ತದೆ. ರೇಡಿಯೋದ ಸ್ಪೀಕರಿನ ಪಕ್ಕ ವಾಚು ಬಿಚ್ಚಿಡುವ ಅಭ್ಯಾಸ ಬಿಡಿ ಎಂದು ಹೇಳಿ ಕಳಿಸುತ್ತಿದ್ದೆ.

ಕರಾವಳಿಯ ಕಥೆ ಸ್ವಲ್ಪ ಬೇರೆ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ರಜೆಗೆ ಬರುವಾಗ ಸೀಕೋ 5 ತರುತ್ತಿದ್ದರು. ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಆ ಕಾಲದ ಪ್ರೀತಿಯ ವಾಚು ಎಂದರೆ ಅದೇ. ಅದೂ ಗಟ್ಟಿ ವಾಚು, ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ನಮ್ಮ ಬಯಲುಸೀಮೆಗೆ ಮಾತ್ರ ಜಾಲಹಳ್ಳಿಯೇ ಹತ್ತಿರವಾಗಿತ್ತು.

ಎಚ್‌ಎಂಟಿ ಬೆಂಗಳೂರಿನಲ್ಲಿ 1972ರಲ್ಲಿ ಎರಡನೆಯ ವಾಚು ಕಾರ್ಖಾನೆ ತೆರೆಯಿತು. ಅದೇ ದಶಕದಲ್ಲಿ ಶ್ರೀನಗರದ ಝೈನಾಕೋಟ್‌ನಲ್ಲಿ, ಮುಂದೆ ಎಂಬತ್ತರ ದಶಕದಲ್ಲಿ ಕುಮಾವೂಂ ಬೆಟ್ಟದ ತಪ್ಪಲಿನ ರಾಣಿಬಾಗ್‌ನಲ್ಲಿ ಕಾರ್ಖಾನೆಗಳಾದವು. ಇವುಗಳ ನಡುವೆ, 1978ರಲ್ಲಿ, ನಮ್ಮ ತುಮಕೂರಿಗೂ ಒಂದು ಬಂತು. ನನ್ನ ಬದುಕಿನಲ್ಲಿ ಈ ಊರು ಕಂಡ ದೊಡ್ಡ ಬದಲಾವಣೆಗಳಲ್ಲಿ ಅದು ಒಂದು. ಪಾಳಿ ಮುಗಿದು ಕಾರ್ಖಾನೆಯ ಬಸ್ಸುಗಳು ಪೇಟೆಗೆ ಬರುತ್ತಿದ್ದ ಹೊತ್ತಿಗೆ ಅಂಗಡಿಗಳ ವ್ಯಾಪಾರ ಏರುತ್ತಿತ್ತು. ಬಾಡಿಗೆ ಮನೆಗಳು ತುಂಬಿದವು. ಎಚ್‌ಎಂಟಿ ಕೆಲಸದ ಹುಡುಗ ಎಂದರೆ ಹೆಣ್ಣು ಕೊಡುವವರು ಜಾತಕ ಕೇಳುವ ಮೊದಲೇ ಒಪ್ಪುತ್ತಿದ್ದರು. ಕಾರ್ಖಾನೆಯಲ್ಲಿ ಟೈಮಿಂಗ್ ವಿಭಾಗದಲ್ಲಿದ್ದ ಒಬ್ಬರು ಸಂಜೆ ನಮ್ಮ ಅಂಗಡಿಗೆ ಬಂದು ಕೂರುತ್ತಿದ್ದರು. ವಾಚನ್ನು ಬರೀ ಮಲಗಿಸಿ ಓಟ ನೋಡಬಾರದು, ಡಯಲ್ ಮೇಲೆ, ಡಯಲ್ ಕೆಳಗೆ, ಕೀ ಕೆಳಮುಖ, ಹೀಗೆ ಬೇರೆ ಬೇರೆ ಭಂಗಿಗಳಲ್ಲಿ ಇಟ್ಟು ನೋಡಬೇಕು ಎಂದು ನನಗೆ ಕಲಿಸಿದವರು ಅವರೇ. ಅಲ್ಲಿಯವರೆಗೆ ನಾನು ಸದ್ದಿನ ಮೇಲೆ ಸರಿಮಾಡುತ್ತಿದ್ದೆ.

ಸಿಟಿಜನ್‌ನಿಂದ ಕೆಲಸ ಕಲಿತ ಎಚ್‌ಎಂಟಿಯ ಕಣ್ಣ ಮುಂದೆಯೇ ವಾಚಿನ ಲೋಕ ಬದಲಾಗುತ್ತಿತ್ತು. ಜಪಾನಿನ ಸೀಕೋ 1969ರ ಡಿಸೆಂಬರ್ 25ರಂದು ಆಸ್ಟ್ರಾನ್ ಎಂಬ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕೆ ಇಟ್ಟಿತು. ಬ್ಯಾಲೆನ್ಸ್ ಚಕ್ರದ ಬದಲು, ಸೆಲ್ಲಿನ ವಿದ್ಯುತ್ತಿಗೆ ಸೆಕೆಂಡಿಗೆ ಸಾವಿರಾರು ಸಲ ಕಂಪಿಸುವ ಸ್ಫಟಿಕದ ಚೂರು. ಈಗಿನ ಕ್ವಾರ್ಟ್ಜ್ ವಾಚುಗಳಲ್ಲಿ ಆ ಕಂಪನ ಸೆಕೆಂಡಿಗೆ 32,768. ಜನತಾದ ಐದು ಬಡಿತ ಅದರ ಮುಂದೆ ಎಲ್ಲಿಯ ಲೆಕ್ಕ? ಎಚ್‌ಎಂಟಿ ಕಣ್ಣುಮುಚ್ಚಿ ಕೂತಿರಲಿಲ್ಲ. 1981ರಲ್ಲೇ ವಿಜಯ್ ಎಂಬ ಕ್ವಾರ್ಟ್ಜ್ ವಾಚನ್ನು ಹೊರತಂದಿತು, ತುಮಕೂರಿನಲ್ಲೂ ಕ್ವಾರ್ಟ್ಜ್ ವಾಚುಗಳು ತಯಾರಾದವು. ಆದರೆ ಆ ದಾರಿಯಲ್ಲಿ ಪೂರ್ತಿ ಮನಸ್ಸಿಟ್ಟು ನಡೆಯಲಿಲ್ಲ. ಕೀ ಕೊಡುವ ವಾಚಿಗೆ ಆಗ ಬೇಡಿಕೆ ತುಂಬಿತ್ತು, ಯಂತ್ರಗಳೂ ಜನರೂ ಅದಕ್ಕೇ ಸಿದ್ಧರಾಗಿದ್ದರು. 1984ರಲ್ಲಿ ಟಾಟಾದವರು ತಮಿಳುನಾಡು ಸರ್ಕಾರದ ಸಂಸ್ಥೆಯೊಂದರ ಜೊತೆ ಸೇರಿ ಟೈಟಾನ್ ಕಂಪನಿ ಕಟ್ಟಿದರು. ಗಡಿಯಾಚೆ ಹೊಸೂರಿನಲ್ಲಿ ಕಾರ್ಖಾನೆ, ಮುಂದಾಳು ಝರ್ಕ್ಸೀಸ್ ದೇಸಾಯಿ. ಅವರು ಆರಂಭದಿಂದಲೂ ಕ್ವಾರ್ಟ್ಜನ್ನೇ ನಂಬಿದರು. ಎಚ್‌ಎಂಟಿಯಲ್ಲಿ ಪಳಗಿದ ಅನೇಕರು ಅಲ್ಲಿಗೆ ಹೋದರು. 1987ರಲ್ಲಿ ಬೆಂಗಳೂರಿನ ಸಫೀನಾ ಪ್ಲಾಜಾದಲ್ಲಿ ಟೈಟಾನ್ ಮೊದಲ ಮಳಿಗೆ ತೆರೆಯಿತು. ವಾಚನ್ನು ಒಡವೆಯಂತೆ ದೀಪದ ಬೆಳಕಿನಲ್ಲಿಟ್ಟು ತೋರಿಸುವುದನ್ನು ನಮ್ಮ ಜನ ಅಲ್ಲಿಯವರೆಗೆ ಕಂಡಿರಲಿಲ್ಲ. ಎಚ್‌ಎಂಟಿ ಅಂಗಡಿಯಲ್ಲಿ ಇದ್ದದ್ದನ್ನು ಕೊಂಡು ಬರುತ್ತಿದ್ದವರು ಇಲ್ಲಿ ಬೇಕಾದ್ದನ್ನು ಆರಿಸಿದರು.

ನಮ್ಮ ಕಸುಬಿಗೆ ಕ್ವಾರ್ಟ್ಜ್ ಏನು ಮಾಡಿತು ಎಂಬುದನ್ನು ಚರಿತ್ರೆ ಬರೆಯುವವರು ಅಷ್ಟಾಗಿ ಹೇಳುವುದಿಲ್ಲ. ಸೆಲ್ ಮುಗಿದರೆ ಸೆಲ್ ಹಾಕುವುದು, ಒಳಗಿನ ಯಂತ್ರ ಕೆಟ್ಟರೆ ಇಡೀ ಯಂತ್ರವನ್ನೇ ತೆಗೆದು ಹೊಸದನ್ನು ಕೂರಿಸುವುದು. ಅಗ್ಗದ ವಾಚಾದರೆ ರಿಪೇರಿಗಿಂತ ಹೊಸದೇ ವಾಸಿ. ಬೆಂಚಿನ ಮೇಲೆ ಬಿಚ್ಚಿ ಕಲಿಯುವುದಕ್ಕೆ ಅದರಲ್ಲಿ ಏನೂ ಉಳಿಯಲಿಲ್ಲ. ತೊಂಬತ್ತರ ದಶಕದಲ್ಲಿ ಶಿರಾದ, ಗುಬ್ಬಿಯ ಗಾಜಿನ ಪೆಟ್ಟಿಗೆಗಳು ಒಂದೊಂದೇ ಎದ್ದವು. ಕೆಲವರು ಕನ್ನಡಕ, ಬೀಗದ ಕೈ, ಆಮೇಲೆ ಮೊಬೈಲ್ ರಿಪೇರಿಗೆ ಹೊರಳಿದರು. ಕ್ವಾರ್ಟ್ಜ್ ವಾಚು ಕರಾರುವಾಕ್ಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಜನತಾ ಒಂದು ವಿದ್ಯೆಯನ್ನು ಊರೂರಿಗೆ ಹಂಚಿತ್ತು. ಅದನ್ನು ಕಳೆದುಕೊಂಡದ್ದು ನಿಜವಾದ ನಷ್ಟ ಎಂದೇ ನನ್ನ ಭಾವನೆ.

ಕಾರ್ಖಾನೆಗಳ ಕೊನೆಯ ವರ್ಷಗಳನ್ನು ವಿವರಿಸುವ ಮನಸ್ಸು ನನಗಿಲ್ಲ. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಶ್ರೀನಗರದ ಚಿನಾರ್ ವಾಚಸ್ ಕೂಡ ಅದರ ಜೊತೆಗೇ ಹೋಯಿತು. 1961ರಿಂದ ಅಲ್ಲಿಯವರೆಗೆ ತಯಾರಾದ ವಾಚುಗಳು ಹತ್ತು ಕೋಟಿಗೂ ಹೆಚ್ಚು. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೋಗೆ ಸೇರಿತು. ರಾಕೆಟ್ಟಿನ ಕೆಲಸವೂ ಸೂಕ್ಷ್ಮದ ಕೆಲಸವೇ ಆದ್ದರಿಂದ, ಆ ನೆಲಕ್ಕೆ ಇದಕ್ಕಿಂತ ಒಳ್ಳೆಯ ಒಡೆಯ ಸಿಗುತ್ತಿರಲಿಲ್ಲ ಎಂದು ಸಮಾಧಾನವಿದೆ. ಜಾಲಹಳ್ಳಿಯಲ್ಲಿ 2019ರಲ್ಲಿ ಎಚ್‌ಎಂಟಿ ಪರಂಪರೆಯ ಮ್ಯೂಸಿಯಂ ತೆರೆದಿದ್ದಾರೆ, ನೋಡಬೇಕಾದ ಜಾಗ. 1983ರಲ್ಲಿ ಎಚ್‌ಎಂಟಿ ಮಾಡಿಕೊಟ್ಟ ಹೂವಿನ ಗಡಿಯಾರ ಲಾಲ್‌ಬಾಗಿನಲ್ಲಿದೆ. ಅದರ ಅಡ್ಡಳತೆ 7 ಮೀಟರ್. ಮಕ್ಕಳ ಜೊತೆ ಹೋದವರೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡವರೇ.

ಮುಚ್ಚಿದ ಸುದ್ದಿ ಬಂದ ಮೇಲೆ ಹಳೆಯ ಎಚ್‌ಎಂಟಿಗಳಿಗೆ ಇದ್ದಕ್ಕಿದ್ದಂತೆ ಬೆಲೆ ಬಂತು. ಈಗ ಶನಿವಾರ, ಭಾನುವಾರ ಬೆಂಗಳೂರಿನಿಂದ ಹುಡುಗ ಹುಡುಗಿಯರು ಬರುತ್ತಾರೆ. ಕಂಪ್ಯೂಟರ್ ಕೆಲಸದವರು, ಕಾಲೇಜಿನವರು. “ಅಂಕಲ್, ಇದು ತಾತಂದು, ಮತ್ತೆ ಓಡುತ್ತಾ?” ಎಂದು ಕರವಸ್ತ್ರದಲ್ಲಿ ಸುತ್ತಿದ ವಾಚನ್ನು ಬಿಚ್ಚುತ್ತಾರೆ. ಸಂಗ್ರಹಕಾರರ ಮೆಚ್ಚಿನವು ಬೇರೆ: ಮೂಲ ಡಯಲ್ ಇರುವ ಪೈಲಟ್, ಜವಾನ್, ದೇವನಾಗರಿ ಅಂಕಿಯ ಜನತಾ, ವಾರ ತಾರೀಕು ತೋರಿಸುವ ಆಟೋಮ್ಯಾಟಿಕ್ ರಜತ್. ತಾವೇ ಎಂದೂ ಕೀ ಕೊಟ್ಟು ಬೆಳೆಯದವರಿಗೆ ಈ ವಾಚು ಯಾಕೆ ಬೇಕು ಎಂದು ಕೆಲವರು ಕೇಳುತ್ತಾರೆ. ನಾನು ಕೇಳುವುದಿಲ್ಲ. ಬ್ಯಾಲೆನ್ಸ್ ಓಡತೊಡಗಿದಾಗ ಅವರ ಮುಖ ನೋಡಿದ್ದೇನೆ.

ನನ್ನ ಚಿಂತೆ ಇನ್ನೊಂದರ ಬಗ್ಗೆ. ಬೇಡಿಕೆ ಹೆಚ್ಚಿದ ಮೇಲೆ ಹಳೆಯ ವಾಚುಗಳನ್ನು ರಾಶಿ ಕೊಂಡು, ಡಯಲ್ಲಿನ ಮೂಲ ಬಣ್ಣ ತೆಗೆದು ಹೊಸ ಬಣ್ಣ ಬಳಿದು ಮಾರುವ ದಂಧೆ ಬೆಳೆದಿದೆ. ಕಿತ್ತಳೆ ಬಣ್ಣದ ಪೈಲಟ್, ಗಿಳಿಹಸಿರಿನ ಜನತಾ, ಎಚ್‌ಎಂಟಿ ಎಂದೂ ಮಾಡದ ಚಿತ್ರಗಳು. ಗುರುತಿಸುವುದು ಕಷ್ಟವಲ್ಲ. ಭೂತಗಾಜಿನಲ್ಲಿ ಅಕ್ಷರ ನೋಡಿ: ಕಾರ್ಖಾನೆಯ ಅಚ್ಚು ಚೂಪಾಗಿ ಸಪೂರವಾಗಿರುತ್ತದೆ, ಬಳಿದದ್ದರ ಅಂಚು ಒರಟಾಗಿ ಹರಡಿರುತ್ತದೆ. ನಿಮಿಷದ ಗೆರೆಗಳು ಅಂಕಿಯ ನೇರಕ್ಕೆ ಇವೆಯೇ ನೋಡಿ. ಡಯಲ್ಲಿನ ಕೆಳ ಅಂಚಿನಲ್ಲಿ ಇರಬೇಕಾದ ಕೋಡ್ ಅಂಕಿಗಳು ಮಾಯವಾಗಿದ್ದರೆ, ಇಲ್ಲವೇ ವಾಚು ಹಳೆಯದಾಗಿದ್ದೂ ಡಯಲ್ ಫಳಫಳ ಎನ್ನುತ್ತಿದ್ದರೆ ಅನುಮಾನಿಸಿ. ಅಂಥ ವಾಚುಗಳ ಒಳಗೆ ಹಲವು ವಾಚುಗಳಿಂದ ಕಿತ್ತು ತುಂಬಿದ ಭಾಗಗಳಿರುತ್ತವೆ, ಎಣ್ಣೆ ಕಂಡು ವರ್ಷಗಳಾಗಿರುತ್ತವೆ. ಒಂದು ಮೂಲ ಡಯಲ್ಲಿನ ಮೇಲೆ ಬಣ್ಣ ಬಿದ್ದರೆ ಅದು ಮತ್ತೆ ಸಿಗುವುದಿಲ್ಲ, ಅಂಥದನ್ನು ಅಚ್ಚು ಹಾಕಿದ ಕಾರ್ಖಾನೆ ಈಗ ಇಲ್ಲ. ಅದಕ್ಕೇ, ಕಲೆ ಬಿದ್ದಿದ್ದರೂ ಹಳದಿಗಟ್ಟಿದ್ದರೂ ಹಳೆಯ ಡಯಲ್ಲನ್ನು ಹಾಗೆಯೇ ಇಟ್ಟುಕೊಳ್ಳಿ ಎಂದು ಬಂದವರಿಗೆಲ್ಲ ಬಿನ್ನವಿಸಿಕೊಳ್ಳುತ್ತೇನೆ.

ಬಿಡಿಭಾಗಗಳೂ ಬತ್ತುತ್ತಿವೆ. 0231ರ ಮೇನ್ ಸ್ಪ್ರಿಂಗ್, ಗಾಜು ಇನ್ನೂ ಸಿಗುತ್ತವೆ. ಒಳ್ಳೆಯ ಬ್ಯಾಲೆನ್ಸ್ ಬೇಕಾದರೆ ಕೆಟ್ಟ ವಾಚೊಂದನ್ನು ಬಿಚ್ಚಿಯೇ ತೆಗೆಯಬೇಕು. ಸುಜಾತಾದ ಭಾಗಗಳಂತೂ ನನ್ನ ಡಬ್ಬಿಯಲ್ಲಿರುವಷ್ಟೇ. ಹೀಗಾಗಿ ನಿಮ್ಮ ಮನೆಯ ಟ್ರಂಕಿನಲ್ಲೋ ದೇವರ ಗೂಡಿನಲ್ಲೋ ನಿಂತುಹೋದ ವಾಚೊಂದಿದ್ದರೆ ಅದನ್ನು ಅಲ್ಲಾಡಿಸಿ, ಕೀ ಕೊಟ್ಟು ಓಡಿಸಲು ನೋಡಬೇಡಿ. ಎಣ್ಣೆ ಒಣಗಿ ಅಂಟಾಗಿರುತ್ತದೆ, ಒಣಗಿದ ಕಲ್ಲಿನಲ್ಲಿ ತಿರುಗಿದರೆ ಕಡ್ಡಿಯ ತುದಿ ಸವೆಯುತ್ತದೆ. ಕೀ ಕೊಡುವ ವಾಚು ಬಿಚ್ಚಲು ಬಲ್ಲವರು ಯಾರೆಂದು ವಿಚಾರಿಸಿ, ಅವರ ಬಳಿ ಒಯ್ದು ಮೊದಲು ತೊಳೆದು ಎಣ್ಣೆ ಹಾಕಿಸಿ. ಡಯಲ್ ಮುಟ್ಟಬೇಡಿ ಎಂದು ಬಾಯಿಬಿಟ್ಟು ಹೇಳಿ. ಏನಾದರೂ ಭಾಗ ಬದಲಾಯಿಸಿದರೆ, ಹಳೆಯದನ್ನು ಸಣ್ಣ ಕಾಗದದಲ್ಲಿ ಕಟ್ಟಿಸಿಕೊಂಡು ಮನೆಗೆ ತನ್ನಿ.